ಡಿಟರ್ಜೆಂಟ್ ಡ್ರಾಯರ್: ರಚನೆ, ತೊಂದರೆ, ಪರಿಹಾರ

ವಾಷಿಂಗ್ ಮಷೀನಿನಲ್ಲಿ ಸೋಪಿನ ಪುಡಿ, ದ್ರವ ಡಿಟರ್ಜೆಂಟ್ ಮತ್ತು ಫ್ಯಾಬ್ರಿಕ್ ಕಂಡಿಷನರ್ ತುಂಬಿಡುವ, ಎಳೆದು ತೆಗೆಯಬಹುದಾದ ಪೆಟ್ಟಿಗೆಗೆ ಡಿಟರ್ಜೆಂಟ್ ಡ್ರಾಯರ್ ಎನ್ನುತ್ತಾರೆ. ಮನೆಮಾತಿನಲ್ಲಿ ಸೋಪ್ ಬಾಕ್ಸ್, ಸೋಪ್ ಟ್ರೇ ಎಂಬ ಹೆಸರುಗಳೂ ಇವೆ. ಫ್ರಂಟ್ ಲೋಡ್ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಮುಂಭಾಗದ ಮೇಲಿನ ಎಡ ಮೂಲೆಯಲ್ಲಿರುತ್ತದೆ. ಟಾಪ್ ಲೋಡ್ ಯಂತ್ರಗಳಲ್ಲಿ ಮುಚ್ಚಳ ತೆರೆದರೆ ಡ್ರಮ್ಮಿನ ಅಂಚಿನ ಮೇಲೆ ಕಾಣುತ್ತದೆ.

ಸಾಮಾನ್ಯ ಡ್ರಾಯರಿನೊಳಗೆ ಮೋಟಾರ್ ಇಲ್ಲ, ವಿದ್ಯುತ್ ಭಾಗವೂ ಇಲ್ಲ. ಮೇಲಿನಿಂದ ಸುರಿಯುವ ನೀರಿನ ರಭಸವೇ ಪುಡಿಯನ್ನು ಕರಗಿಸಿ ಡ್ರಮ್ಮಿಗೆ ಒಯ್ಯುತ್ತದೆ. ಹಾಗಾಗಿ ಇಲ್ಲಿ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟು ಹುಟ್ಟಿದವಲ್ಲ. ನೀರಿನ ಒತ್ತಡ, ನೀರಿನ ಗಡಸುತನ, ಗಾಳಿಯ ತೇವ ಮತ್ತು ಬಳಸುವ ಡಿಟರ್ಜೆಂಟಿನ ಗುಣ ಇವುಗಳ ಮೂಲ. ಇದನ್ನು ತಿಳಿದರೆ ಬಿಡಿಭಾಗ ಬದಲಿಸುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ರಚನೆ

ಫ್ರಂಟ್ ಲೋಡ್ ಡ್ರಾಯರಿನಲ್ಲಿ ಸಾಮಾನ್ಯವಾಗಿ ಮೂರು ಖಾನೆಗಳಿರುತ್ತವೆ. ರೋಮನ್ ಅಂಕಿ ಒಂದರ ಗುರುತಿರುವ ಖಾನೆ ಪ್ರೀವಾಶ್‌ಗೆ, ಅಂದರೆ ತುಂಬಾ ಕೊಳೆಯಾದ ಬಟ್ಟೆಗೆ ಮೊದಲೊಮ್ಮೆ ಕೊಡುವ ಒಗೆತಕ್ಕೆ ಮೀಸಲು. ಎರಡರ ಗುರುತಿರುವುದು ಮುಖ್ಯ ಒಗೆತದ ಖಾನೆ. ದಿನನಿತ್ಯ ಪುಡಿ ಹಾಕಬೇಕಾದದ್ದು ಇಲ್ಲಿಗೆ. ಹೂವಿನ ಅಥವಾ ನಕ್ಷತ್ರದ ಚಿತ್ರವಿರುವ ಖಾನೆ ಕಂಡಿಷನರ್‌ಗೆ. ಪುಡಿಯನ್ನು ತಪ್ಪಿ ಒಂದನೆಯ ಖಾನೆಗೆ ಹಾಕಿ, ಪ್ರೀವಾಶ್ ಆಯ್ಕೆ ಮಾಡದೆ ಯಂತ್ರ ಓಡಿಸಿದರೆ ಪುಡಿ ಹಾಕಿದ ಹಾಗೆಯೇ ಉಳಿಯುತ್ತದೆ. ಹೊಸದಾಗಿ ಯಂತ್ರ ಕೊಂಡ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಡ್ರಾಯರ್ ಕುಳಿತುಕೊಳ್ಳುವ ಗೂಡಿನ ಚಾವಣಿಯಲ್ಲಿ ಸಣ್ಣ ಸಣ್ಣ ರಂಧ್ರಗಳ ಸಾಲುಗಳಿವೆ. ನೀರು ಇವುಗಳ ಮೂಲಕ ಖಾನೆಯ ಮೇಲೆ ಸುರಿಯುತ್ತದೆ. ಗೂಡಿನ ತಳ ಹಿಂದಕ್ಕೆ ಇಳಿಜಾರಾಗಿದ್ದು, ಅಲ್ಲಿಂದ ಒಂದು ದಪ್ಪ ರಬ್ಬರ್ ಕೊಳವೆ ಡ್ರಮ್ಮನ್ನು ಸುತ್ತುವರಿದ ತೊಟ್ಟಿಗೆ ಇಳಿಯುತ್ತದೆ.

ನೀರಿನ ದಾರಿ

ನಲ್ಲಿಯಿಂದ ಬಂದ ನೀರು ಮೊದಲು ಯಂತ್ರದ ಹಿಂಬದಿಯ ಪೈಪಿನ ಬಾಯಲ್ಲಿರುವ ಜಾಲರಿಯನ್ನು ದಾಟುತ್ತದೆ. ಅದರ ಒಳಗಿರುವ ಇನ್‌ಲೆಟ್ ವಾಲ್ವ್ ವಿದ್ಯುತ್ ಸುರುಳಿಯಿಂದ ತೆರೆದುಕೊಳ್ಳುವಂಥದ್ದು. ಸುರುಳಿಗೆ ವಿದ್ಯುತ್ ಹರಿದಾಗ ನಡುವಿನ ಪುಟ್ಟ ರಂಧ್ರ ತೆರೆದು, ನೀರಿನ ಒತ್ತಡವೇ ರಬ್ಬರ್ ಪೊರೆಯನ್ನು ಮೇಲಕ್ಕೆತ್ತುತ್ತದೆ. ಈ ಬಗೆಯ ವಾಲ್ವ್ ಸರಿಯಾಗಿ ತೆರೆಯಲು ಮತ್ತು ಬಿಗಿಯಾಗಿ ಮುಚ್ಚಲು ನೀರಿಗೆ ಒಂದಷ್ಟು ಒತ್ತಡ ಇರಲೇಬೇಕು.

ಬಹಳಷ್ಟು ಯಂತ್ರಗಳಲ್ಲಿ ವಾಲ್ವಿಗೆ ಎರಡು ಸುರುಳಿಗಳು. ಒಂದು ತೆರೆದರೆ ನೀರು ಪ್ರೀವಾಶ್ ಖಾನೆಗೆ, ಇನ್ನೊಂದು ತೆರೆದರೆ ಮುಖ್ಯ ಖಾನೆಗೆ ಹೋಗುತ್ತದೆ. ಎರಡೂ ಒಟ್ಟಿಗೆ ತೆರೆದಾಗ ಎರಡು ಧಾರೆಗಳು ಒಂದಕ್ಕೊಂದು ಬಡಿದು, ದಿಕ್ಕು ಬದಲಿಸಿ ಕಂಡಿಷನರ್ ಖಾನೆಗೆ ಬೀಳುತ್ತವೆ. ಧಾರೆಗಳ ರಭಸ ಸಮನಾಗಿದ್ದರೆ ಮಾತ್ರ ಈ ಜಾಣ ಏರ್ಪಾಡು ನಡೆಯುತ್ತದೆ. ಬೇರೆ ಕೆಲವು ಯಂತ್ರಗಳಲ್ಲಿ ಚಿಕ್ಕ ಮೋಟಾರೊಂದು ನೀರಿನ ಮೂತಿಯನ್ನೇ ಖಾನೆಯಿಂದ ಖಾನೆಗೆ ತಿರುಗಿಸುತ್ತದೆ.

ಕಂಡಿಷನರ್ ಖಾನೆ ಖಾಲಿಯಾಗುವುದು ಸೈಫನ್ ತತ್ವದಿಂದ. ಖಾನೆಯ ನಡುವೆ ನಿಂತಿರುವ ಕೊಳವೆಯ ಮೇಲೆ ಒಂದು ಟೊಪ್ಪಿ ಕವುಚಿಕೊಂಡಿರುತ್ತದೆ. ಕೊನೆಯ ರಿನ್ಸ್ ಹಂತದಲ್ಲಿ ನೀರು ಬಿದ್ದು ಮಟ್ಟ ಕೊಳವೆಯ ತುದಿಗಿಂತ ಮೇಲೇರಿದಾಗ ಹರಿವು ಶುರುವಾಗುತ್ತದೆ. ಟೊಪ್ಪಿಯ ಅಡಿಯಿಂದ ಗಾಳಿ ಹೊಗುವವರೆಗೂ ಅದು ನಿಲ್ಲುವುದಿಲ್ಲ. ಒಗೆತ ಮುಗಿದ ಮೇಲೆ ಖಾನೆಯ ತಳದಲ್ಲಿ ಒಂದೆರಡು ಚಮಚ ನೀರು ನಿಂತಿರುವುದು ಸಹಜ.

ಪುಡಿ ಕರಗದೆ ಉಳಿಯುವುದು

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಇದರ ಮೊದಲ ಕಾರಣ ಒತ್ತಡದ ಕೊರತೆ. ಹಲವು ಯಂತ್ರಗಳ ಕೈಪಿಡಿಗಳು ಕನಿಷ್ಠ 0.5ರಿಂದ 1 ಬಾರ್ ಒತ್ತಡ ಕೇಳುತ್ತವೆ. ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರಿಗೆ ಪ್ರತಿ ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ನೀರು ಯಂತ್ರಕ್ಕಿಂತ ಮೂರೇ ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್, ಪೈಪಿನ ತಿರುವುಗಳು ಅದರಲ್ಲೂ ಪಾಲು ಕೇಳುತ್ತವೆ. ತಾರಸಿಯ ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಯಂತ್ರ ಇಟ್ಟ ಮನೆಗಳಲ್ಲಿ ಪುಡಿ ಉಳಿಯುವುದಕ್ಕೂ, ಅದೇ ಯಂತ್ರವನ್ನು ನೆಲಮಹಡಿಗೆ ಇಳಿಸಿದಾಗ ತೊಂದರೆ ತಗ್ಗುವುದಕ್ಕೂ ಕಾರಣ ಈ ಲೆಕ್ಕವೇ.

ಹರಿವನ್ನು ಅಳೆಯಲು ಸುಲಭದ ದಾರಿಯಿದೆ. ಯಂತ್ರಕ್ಕೆ ಜೋಡಿಸಿದ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ ಹಿಡಿಯಬೇಕು. ಕೆಲವು ತಯಾರಕರು ನಿಮಿಷಕ್ಕೆ ಕನಿಷ್ಠ 8 ಲೀಟರ್ ಬರಬೇಕೆನ್ನುತ್ತಾರೆ. ಹತ್ತು ಲೀಟರಿನ ಬಕೆಟ್ ಸುಮಾರು 75 ಸೆಕೆಂಡಿನಲ್ಲಿ ತುಂಬಿದರೆ ಹರಿವು ಸಾಕು. ಎರಡು ಮೂರು ನಿಮಿಷ ಹಿಡಿದರೆ ದೋಷ ಡ್ರಾಯರಿನದ್ದಲ್ಲ. ಟ್ಯಾಂಕಿನಿಂದ ಯಂತ್ರಕ್ಕೆ ನೇರ ಪೈಪ್ ಎಳೆಯುವುದು, ಟ್ಯಾಂಕನ್ನು ಎತ್ತರಿಸುವುದು ಅಥವಾ ಪ್ರೆಷರ್ ಪಂಪ್ ಹಾಕಿಸುವುದು ಇದಕ್ಕೆ ಪರಿಹಾರ.

ನಲ್ಲಿಯಲ್ಲಿ ನೀರು ಚೆನ್ನಾಗಿ ಬಂದರೂ ಡ್ರಾಯರಿನಲ್ಲಿ ತೊಟ್ಟಿಕ್ಕುತ್ತಿದ್ದರೆ ಜಾಲರಿ ಕಟ್ಟಿಕೊಂಡಿರಬಹುದು. ಕೊಳವೆಬಾವಿಯ ಮರಳು, ಟ್ಯಾಂಕಿನ ತಳದ ಕೆಸರು, ಪೈಪಿನ ತುಕ್ಕು ಇಲ್ಲಿ ಬಂದು ಕೂರುತ್ತವೆ. ಟ್ಯಾಂಕ್ ತೊಳೆಸಿದ ಮರುದಿನ ಅಥವಾ ಬೀದಿಯ ನೀರಿನ ಪೈಪ್ ದುರಸ್ತಿಯಾದ ಮೇಲೆ ಯಂತ್ರ ನೀರಿಲ್ಲವೆಂದು ನಿಂತರೆ ಮೊದಲ ಅನುಮಾನ ಜಾಲರಿಯ ಮೇಲಿರಲಿ. ಎಲ್‌ಜಿ ಯಂತ್ರಗಳಲ್ಲಿ ಐ-ಇ, ಸ್ಯಾಮ್ಸಂಗ್ ಯಂತ್ರಗಳಲ್ಲಿ 4-ಸಿ ಅಥವಾ 4-ಇ ಎಂಬ ಸಂಕೇತ ನೀರು ಬರುತ್ತಿಲ್ಲವೆಂಬುದರ ಸೂಚನೆ. ನಲ್ಲಿ ನಿಲ್ಲಿಸಿ, ಪೈಪ್ ಬಿಚ್ಚಿ, ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಹೊರಗೆಳೆದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು. ಜಾಲರಿ ಹಾಕದೆ ಯಂತ್ರ ಓಡಿಸಬಾರದು. ಒಂದು ಮರಳ ಕಣ ಪೊರೆಯಡಿ ಸಿಕ್ಕರೂ ವಾಲ್ವ್ ಮುಚ್ಚುವುದಿಲ್ಲ.

ಕೆಲವು ಯಂತ್ರಗಳಿಗೆ ಬಿಸಿನೀರು, ತಣ್ಣೀರುಗಳ ಎರಡು ಪ್ರತ್ಯೇಕ ಪೈಪುಗಳಿರುತ್ತವೆ. ಬಿಸಿನೀರಿನ ಕಡೆ ಏನನ್ನೂ ಜೋಡಿಸದೆ ಬಿಟ್ಟರೆ ಆ ವಾಲ್ವಿನಿಂದ ಬರಬೇಕಾದ ಧಾರೆ ಬರುವುದೇ ಇಲ್ಲ. ಇಂಥಲ್ಲಿ ಕೈಪಿಡಿ ನೋಡಿ, ಕವಲು ಜೋಡಣೆಯಿಂದ ಎರಡಕ್ಕೂ ತಣ್ಣೀರು ಕೊಡಬಹುದೇ ಎಂದು ತಿಳಿಯಬೇಕು.

ಗಡಸು ನೀರು

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ ಗಡಸುತನ ಬರುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಪ್ಪಿತ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. ಬಯಲುಸೀಮೆಯ ಕೊಳವೆಬಾವಿಗಳನ್ನೇ ನೆಚ್ಚಿದ ಊರುಗಳಲ್ಲಿ ಗಡಸು ನೀರು ಸಾಮಾನ್ಯ. ಬೆಂಗಳೂರಿನಲ್ಲಂತೂ ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬಳಸುವ ಬಡಾವಣೆಗೂ ಒಗೆತದಲ್ಲಿ ಕಾಣುವ ವ್ಯತ್ಯಾಸ ಗಣನೀಯ.

ಗಡಸು ನೀರು ಡ್ರಾಯರಿಗೆ ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ. ಗೂಡಿನ ಚಾವಣಿಯ ರಂಧ್ರಗಳಲ್ಲಿ ಉಳಿದ ಹನಿಗಳು ಆರಿ ಸುಣ್ಣದ ಪೊರೆ ಬೆಳೆಯುತ್ತದೆ. ರಂಧ್ರ ಕಿರಿದಾದಂತೆ ಧಾರೆ ಓರೆಯಾಗಿ, ಖಾನೆಯ ಒಂದು ಮೂಲೆಯ ಪುಡಿ ಮಾತ್ರ ನೆನೆಯದೆ ಉಳಿಯುತ್ತದೆ. ಇನ್ನೊಂದು ತೊಂದರೆ ಪುಡಿಯೊಳಗಿನದು. ಡಿಟರ್ಜೆಂಟಿನಲ್ಲಿರುವ ವಾಷಿಂಗ್ ಸೋಡಾ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಕಾರ್ಬೊನೇಟ್ ಆಗುತ್ತದೆ. ಖಾನೆಯ ತಳಕ್ಕೆ ಅಂಟುವ ಬಿಳಿ ಗಾರೆಯಲ್ಲಿ ಇದರ ಪಾಲಿದೆ. ಕರಗದ ಜಿಯೊಲೈಟ್ ಎಂಬ ಖನಿಜ ಬೆರೆಸಿದ ಪುಡಿಗಳೂ ಇವೆ. ಬಟ್ಟೆಯ ಮೇಲೆ ಬಿಳಿ ಧೂಳು ಕಂಡಾಗಲೆಲ್ಲ ಪುಡಿ ಕರಗಲಿಲ್ಲ ಎಂದುಕೊಳ್ಳುವ ಮೊದಲು ಪೊಟ್ಟಣದ ಹಿಂಬದಿಯನ್ನು ಓದುವುದು ಒಳ್ಳೆಯದು.

ಸುಣ್ಣದ ಪೊರೆಗೆ ಹುಳಿಯೇ ಮದ್ದು. ಸಿಟ್ರಿಕ್ ಆಮ್ಲ ಅಥವಾ ಬಿಳಿ ವಿನೆಗರ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಡ್ರಾಯರನ್ನು ಅರ್ಧ ಗಂಟೆ ನೆನೆಸಿಡಬೇಕು. ಚಾವಣಿಯ ರಂಧ್ರಗಳಿಗೆ ಅದೇ ದ್ರವದಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದು, ಬಳಿಕ ಸೂಜಿಯಿಂದ ಬಿಡಿಸಬೇಕು.

ತೇವ ಮತ್ತು ಗಟ್ಟಿಯಾಗುವ ಪುಡಿ

ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಸಮಸ್ಯೆಯ ರೂಪ ಬೇರೆ. ವಾಷಿಂಗ್ ಸೋಡಾ ಮತ್ತು ಸೋಡಿಯಂ ಸಲ್ಫೇಟ್ ಎರಡೂ ಗಾಳಿಯ ತೇವವನ್ನು ಹೀರಿ ನೀರಿನ ಅಣುಗಳನ್ನು ಹರಳಿನೊಳಗೆ ಸೇರಿಸಿಕೊಳ್ಳುತ್ತವೆ. ಸೋಡಿಯಂ ಸಲ್ಫೇಟ್ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಹತ್ತು ನೀರಿನ ಅಣುಗಳೊಂದಿಗೆ ಹರಳುಗಟ್ಟುತ್ತದೆ. ಈ ಹರಳುಗಳೇ ಪುಡಿಯ ಕಣಗಳನ್ನು ಒಂದಕ್ಕೊಂದು ಬೆಸೆದು ಹೆಂಟೆಯಾಗಿಸುತ್ತವೆ. ಪೊಟ್ಟಣವನ್ನು ಬಚ್ಚಲಿನಲ್ಲಿ ಬಾಯಿ ತೆರೆದು ಇಡುವುದು, ಒದ್ದೆ ಖಾನೆಗೆ ಪುಡಿ ಸುರಿಯುವುದು, ರಾತ್ರಿ ಪುಡಿ ಹಾಕಿ ಬೆಳಗ್ಗೆ ಯಂತ್ರ ಓಡುವಂತೆ ಸಮಯ ಹೊಂದಿಸುವುದು ಇವೆಲ್ಲ ಹೆಂಟೆಗೆ ದಾರಿ. ಖಾನೆಯನ್ನು ಒಣಬಟ್ಟೆಯಿಂದ ಒರೆಸಿ, ಯಂತ್ರ ಶುರುಮಾಡುವ ಹೊತ್ತಿಗೆ ಪುಡಿ ಹಾಕಬೇಕು. ಒಮ್ಮೆ ಗಟ್ಟಿಯಾದ ಪುಡಿಯನ್ನು ಡ್ರಾಯರಿಗೆ ಹಾಕದೆ ಬಕೆಟ್ಟಿನಲ್ಲಿ ಕರಗಿಸಿ ಕೈಒಗೆತಕ್ಕೆ ಬಳಸಬಹುದು.

ದ್ರವ ಡಿಟರ್ಜೆಂಟ್ ಬಳಸುವಾಗ

ದ್ರವಕ್ಕೆ ಹೆಂಟೆಯ ಭಯವಿಲ್ಲ. ಆದರೆ ಅದು ಕಾಯುವುದಿಲ್ಲ, ಹಾಕಿದ ಕೂಡಲೇ ಹರಿಯತೊಡಗುತ್ತದೆ. ಪ್ರೀವಾಶ್ ಆಯ್ಕೆ ಮಾಡಿದ್ದರೆ ಮುಖ್ಯ ಒಗೆತದ ಡಿಟರ್ಜೆಂಟ್ ಮೊದಲೇ ಹರಿದು ಚರಂಡಿ ಸೇರಬಹುದು. ಇದನ್ನು ತಡೆಯಲೆಂದೇ ಅನೇಕ ಡ್ರಾಯರುಗಳಲ್ಲಿ ಮುಖ್ಯ ಖಾನೆಗೆ ಒಂದು ಅಡ್ಡಹಲಗೆ ಕೊಟ್ಟಿರುತ್ತಾರೆ. ಅದನ್ನು ದ್ರವಕ್ಕೆ ಇಳಿಸಬೇಕು, ಪುಡಿಗೆ ಏರಿಸಬೇಕು. ಹಲಗೆ ಇಳಿಸಿಯೇ ಪುಡಿ ಹಾಕಿದರೆ ಅದರ ಹಿಂದೆ ಪುಡಿ ಕೆಸರಾಗಿ ನಿಲ್ಲುತ್ತದೆ. ಪುಡಿಯಿಂದ ದ್ರವಕ್ಕೆ ಬದಲಾದ, ಮತ್ತೆ ಪುಡಿಗೆ ಮರಳಿದ ಮನೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕ್ಯಾಪ್ಸೂಲ್ ರೂಪದ ಡಿಟರ್ಜೆಂಟನ್ನು ಡ್ರಾಯರಿಗೆ ಹಾಕದೆ ನೇರವಾಗಿ ಡ್ರಮ್ಮಿಗೆ, ಬಟ್ಟೆಯ ಅಡಿಗೆ ಹಾಕಬೇಕು.

ಕಂಡಿಷನರ್ ಖಾನೆಯ ತೊಂದರೆಗಳು

ಒಗೆತ ಮುಗಿದರೂ ಖಾನೆ ನೀರಿನಿಂದ ತುಂಬಿದ್ದರೆ ಸೈಫನ್ ಕಟ್ಟಿದೆ ಎಂದರ್ಥ. ಮಂದವಾದ ಕಂಡಿಷನರ್ ಒಣಗಿ ಟೊಪ್ಪಿಯೊಳಗೆ ಜಿಡ್ಡಾಗಿರುತ್ತದೆ. ಟೊಪ್ಪಿಯನ್ನು ಮೇಲಕ್ಕೆಳೆದು ತೆಗೆದು, ಒಳಗಿನ ಕೊಳವೆಯನ್ನೂ ಬಿಸಿನೀರಿನಲ್ಲಿ ತೊಳೆದು, ಕೊನೆಯವರೆಗೂ ಒತ್ತಿ ಕೂರಿಸಬೇಕು. ಟೊಪ್ಪಿ ಅರ್ಧ ಕುಳಿತಿದ್ದರೂ ಸೈಫನ್ ಹಿಡಿಯುವುದಿಲ್ಲ. ಈ ಖಾನೆಗೆ ತಪ್ಪಿ ಪುಡಿ ಹಾಕಿದರೂ ಇದೇ ಗತಿ.

ಖಾನೆಯಲ್ಲಿ ಕಂಡಿಷನರ್ ನೀರು ಬೆರೆಯದೆ ಹಾಕಿದಷ್ಟೇ ಉಳಿದಿದ್ದರೆ ಅಲ್ಲಿಗೆ ಧಾರೆ ತಲುಪಿಲ್ಲ. ಕಡಿಮೆ ಒತ್ತಡ, ಕಟ್ಟಿಕೊಂಡ ರಂಧ್ರ ಅಥವಾ ಎರಡು ಸುರುಳಿಗಳಲ್ಲಿ ಒಂದು ಕೆಟ್ಟಿರುವುದು ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ, ಕಂಡಿಷನರ್ ಮೊದಲೇ ಹರಿದುಹೋದರೆ ಗರಿಷ್ಠ ಗೆರೆ ಮೀರಿ ತುಂಬಿರಬೇಕು, ಇಲ್ಲವೇ ಡ್ರಾಯರನ್ನು ರಭಸದಿಂದ ತಳ್ಳಿರಬೇಕು. ಎರಡರಲ್ಲೂ ದ್ರವ ಕೊಳವೆಯ ತುದಿ ದಾಟಿ ಸೈಫನ್ ಆಗಲೇ ಶುರುವಾಗುತ್ತದೆ. ಬಟ್ಟೆಗೆ ಪರಿಮಳವೇ ಬರಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಮಂದ ಕಂಡಿಷನರ್‌ಗೆ ಸ್ವಲ್ಪ ನೀರು ಬೆರೆಸಿ ಹಾಕುವುದು ಒಳ್ಳೆಯ ಅಭ್ಯಾಸ.

ಸೋರಿಕೆ ಮತ್ತು ನೊರೆ

ಡ್ರಾಯರಿನ ಮುಂದಿನಿಂದ ನೀರು ಸೋರಲು ಕಾರಣಗಳು ಹಲವು. ಯಂತ್ರ ಮುಂದಕ್ಕೆ ವಾಲಿದ್ದರೆ ನೀರು ಹಿಂದಿನ ಇಳಿಜಾರು ಬಿಟ್ಟು ಮುಂದೆ ಬರುತ್ತದೆ. ಗಾರೆಯವರ ರಸಮಟ್ಟವನ್ನು ಯಂತ್ರದ ಮೇಲಿಟ್ಟು, ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಬೇಕು. ಪ್ರೆಷರ್ ಪಂಪಿನ ನೀರು ಅತಿ ರಭಸವಾಗಿ ಬಡಿದು ಚಿಮ್ಮುತ್ತಿದ್ದರೆ ನಲ್ಲಿಯನ್ನು ತುಸು ಕಿರಿದು ಮಾಡಬೇಕು. ಕಟ್ಟಿಕೊಂಡ ರಂಧ್ರಗಳಿಂದ ಓರೆಯಾಗಿ ಚಿಮ್ಮುವ ಧಾರೆಯೂ, ಗೂಡಿನ ಹಿಂದಿನ ತೂತಿನಲ್ಲಿ ನಿಂತ ಪುಡಿಯ ಕೆಸರೂ ಸೋರಿಕೆಗೆ ಕಾರಣವಾಗುತ್ತವೆ.

ನೊರೆ ಉಕ್ಕಿ ಡ್ರಾಯರಿನಿಂದ ಹೊರಬರುವುದರ ಹಿಂದೆ ನಮ್ಮ ಒಗೆತದ ಇತಿಹಾಸವೇ ಇದೆ. ಭಾರತದಲ್ಲಿ 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಮಾರುಕಟ್ಟೆಗೆ ಬಂದವು. ಬಕೆಟ್ಟಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಉಜ್ಜಿ ಒಗೆಯುವವರಿಗೆ ನೊರೆ ಕಂಡರೇ ಕೊಳೆ ಹೋದ ಭರವಸೆ. ಹೀಗಾಗಿ ಕೈಒಗೆತದ ಪುಡಿಗಳಲ್ಲಿ ನೊರೆ ಹೆಚ್ಚು. ಫ್ರಂಟ್ ಲೋಡ್ ಯಂತ್ರ ಒಗೆಯುವುದು ಕಡಿಮೆ ನೀರಿನಲ್ಲಿ, ಬಟ್ಟೆಯನ್ನು ಎತ್ತಿ ಎತ್ತಿ ಬೀಳಿಸುತ್ತ. ಅಲ್ಲಿ ನೊರೆ ಹೆಚ್ಚಾದರೆ ಬಟ್ಟೆ ಬೀಳುವ ಪೆಟ್ಟು ಮೆತ್ತಗಾಗಿ ಕೊಳೆ ಸರಿಯಾಗಿ ಬಿಡುವುದಿಲ್ಲ. ಜಾಗ ಸಾಲದ ನೊರೆ ರಬ್ಬರ್ ಕೊಳವೆಯ ಮೂಲಕ ಮೇಲೇರಿ ಡ್ರಾಯರಿನಲ್ಲಿ ಉಕ್ಕುತ್ತದೆ. ಫ್ರಂಟ್ ಲೋಡ್‌ಗೆಂದೇ ತಯಾರಾದ, ನೊರೆ ತಡೆಯುವ ಪುಡಿಯನ್ನು ಪೊಟ್ಟಣದ ಅಳತೆಯಂತೆ ಬಳಸುವುದೇ ಸರಿಯಾದ ಪರಿಹಾರ. ಅಷ್ಟರಲ್ಲಿ ನೊರೆ ಉಕ್ಕಿಬಿಟ್ಟರೆ ಒಂದು ದೊಡ್ಡ ಚಮಚ ಕಂಡಿಷನರನ್ನು ಅರ್ಧ ಲೀಟರ್ ನೀರಿನಲ್ಲಿ ಬೆರೆಸಿ ಮುಖ್ಯ ಖಾನೆಗೆ ಸುರಿದರೆ ನೊರೆ ಇಳಿಯುತ್ತದೆ. ಕ್ರೀಡಾ ಉಡುಪು, ಮಳೆ ಜಾಕೆಟ್ ಮುಂತಾದವು ಒಳಗಿದ್ದರೆ ಈ ಉಪಾಯ ಬೇಡ.

ಬೂಷ್ಟು, ವಾಸನೆ, ಆರೋಗ್ಯ

ಸದಾ ಒದ್ದೆ, ಕತ್ತಲೆ, ಮೇಲೆ ಕಂಡಿಷನರಿನ ಜಿಡ್ಡು. ಬೂಷ್ಟು ಬೆಳೆಯಲು ಬೇಕಾದ್ದೆಲ್ಲ ಡ್ರಾಯರಿನ ಗೂಡಿನಲ್ಲಿದೆ. ಕಪ್ಪು ಚುಕ್ಕೆಗಳು ಮೊದಲು ಕಾಣುವುದು ಗೂಡಿನ ಚಾವಣಿಯಲ್ಲಿ, ಡ್ರಾಯರ್ ತೆಗೆಯದೆ ಕಣ್ಣಿಗೆ ಬೀಳದ ಕಡೆ. ತಣ್ಣೀರಿನಲ್ಲೇ ಒಗೆಯುವ ರೂಢಿ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ.

ಇದನ್ನು ಹಗುರವಾಗಿ ಕಾಣಬಾರದೆಂದು ತೋರಿಸಿದ ಪ್ರಕರಣವೊಂದು ಜರ್ಮನಿಯದು. 2012 ಮತ್ತು 2013ರಲ್ಲಿ ಅಲ್ಲಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ಮೈಮೇಲೆ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಣಿಸಿಕೊಂಡಿತು. ಹುಡುಕುತ್ತ ಹೋದಾಗ ಅದು ಸಿಕ್ಕಿದ್ದು ಮಕ್ಕಳ ಟೊಪ್ಪಿ, ಕಾಲುಚೀಲ ಒಗೆಯುತ್ತಿದ್ದ ಮನೆಬಳಕೆಯ ಮಾದರಿಯ ಯಂತ್ರದ ಡಿಟರ್ಜೆಂಟ್ ಡ್ರಾಯರಿನಲ್ಲಿ ಮತ್ತು ಬಾಗಿಲಿನ ರಬ್ಬರಿನಲ್ಲಿ. ಬಾನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನು ಪ್ರಕಟಿಸಿದರು. ಆರೋಗ್ಯವಂತರ ಮನೆಗೆ ಇದು ಗಾಬರಿಯ ಸಂಗತಿಯಲ್ಲ. ಆದರೆ ಹಸುಗೂಸು, ಶಸ್ತ್ರಚಿಕಿತ್ಸೆಯಾದವರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗಳಲ್ಲಿ ಡ್ರಾಯರಿನ ಶುಚಿ ಆರೋಗ್ಯದ ಪ್ರಶ್ನೆಯೇ ಹೌದು.

ಶುಚಿಗೊಳಿಸುವ ಕ್ರಮ

ತಿಂಗಳಿಗೊಮ್ಮೆ ಡ್ರಾಯರನ್ನು ಪೂರ್ತಿ ಹೊರತೆಗೆಯಬೇಕು. ಕಂಡಿಷನರ್ ಖಾನೆಯ ಬಳಿ ಒತ್ತುವ ಗುರುತಿರುತ್ತದೆ. ಅದನ್ನು ಒತ್ತಿ ಎಳೆದರೆ ಬರುತ್ತದೆ. ಬರದಿದ್ದರೆ ಜೋರು ಮಾಡದೆ ಬಿಸಿನೀರು ಚಿಮುಕಿಸಿ ಗಟ್ಟಿಯಾದ ಪುಡಿ ಸಡಿಲಗೊಳ್ಳಲು ಬಿಡಬೇಕು. ಡ್ರಾಯರ್, ಟೊಪ್ಪಿ, ಅಡ್ಡಹಲಗೆ ಮೂರನ್ನೂ ಬೇರ್ಪಡಿಸಿ ತೊಳೆಯಬೇಕು. ಗೂಡಿನ ಒಳಭಾಗವನ್ನು ಬ್ರಷ್ಷಿನಿಂದ ಉಜ್ಜಿ ಬಟ್ಟೆಯಿಂದ ಒರೆಸಬೇಕು. ಒಳಗೆ ನೀರು ಎರಚುವುದು ತಪ್ಪು. ಬಳಿಕ ಬಟ್ಟೆಯಿಲ್ಲದೆ 60 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯ ಒಗೆತ, ಇಲ್ಲವೇ ಟಬ್ ಕ್ಲೀನ್ ಕ್ರಮ ಓಡಿಸಬೇಕು. ಪ್ರತಿ ಒಗೆತದ ನಂತರ ಡ್ರಾಯರನ್ನು ಸ್ವಲ್ಪ ತೆರೆದಿಟ್ಟರೆ ಗಾಳಿಯಾಡಿ ಬೂಷ್ಟು ತಡವಾಗುತ್ತದೆ.

ಬ್ಲೀಚಿಂಗ್ ದ್ರವವನ್ನು ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ಜೊತೆ ಎಂದೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ. ಒಂದನ್ನು ಬಳಸಿದ ದಿನ ಇನ್ನೊಂದು ಬೇಡ.

ಟಾಪ್ ಲೋಡ್ ಮತ್ತು ಹೊಸ ಬಗೆಗಳು

ಸೆಮಿ ಆಟೋಮ್ಯಾಟಿಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಪುಡಿಯನ್ನು ನೇರವಾಗಿ ತೊಟ್ಟಿಗೇ ಹಾಕುವುದರಿಂದ ಈ ತೊಂದರೆಗಳಿಲ್ಲ. ಟಾಪ್ ಲೋಡ್‌ನಲ್ಲಿ ನೀರಿನ ಪ್ರಮಾಣ ಹೆಚ್ಚಾದ್ದರಿಂದ ಪುಡಿಯನ್ನು ಮೊದಲೇ ಮಗ್ಗಿನಲ್ಲಿ ಕರಗಿಸಿ ಡ್ರಮ್ಮಿಗೆ ಸುರಿಯುವುದೂ ನಡೆಯುತ್ತದೆ. ಒತ್ತಡ ಕಡಿಮೆಯಿರುವ ಮನೆಗಳಿಗೆ ಇದು ಒಳ್ಳೆಯ ದಾರಿ. ನಡುಗಂಬದ ಮೇಲೆ ಕಂಡಿಷನರ್ ಬಟ್ಟಲಿರುವ ಮಾದರಿಗಳಲ್ಲಿ ಡ್ರಮ್ ವೇಗವಾಗಿ ಸುತ್ತುವ ಬಲಕ್ಕೆ ದ್ರವ ಒಂದು ಖಾನೆಯಿಂದ ಇನ್ನೊಂದಕ್ಕೆ ಏರಿ, ಸುತ್ತು ನಿಂತಾಗ ಕೆಳಗಿಳಿಯುತ್ತದೆ. ನಡುವೆ ಮುಚ್ಚಳ ತೆರೆದು ಯಂತ್ರ ನಿಲ್ಲಿಸಿದರೆ ಈ ಕ್ರಮ ತಪ್ಪಿ ಕಂಡಿಷನರ್ ಬೇಗ ಬೀಳುತ್ತದೆ.

ಬಟ್ಟೆಯ ಪ್ರಮಾಣ ನೋಡಿ ತಾನೇ ದ್ರವ ಅಳೆದು ಹಾಕುವ ಯಂತ್ರಗಳಲ್ಲಿ ತೊಟ್ಟಿ, ಪುಟ್ಟ ಪಂಪು, ಸಣ್ಣ ಕೊಳವೆಗಳಿವೆ. ವಾರಗಟ್ಟಲೆ ಬಳಸದೆ ಬಿಟ್ಟರೆ ದ್ರವ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಎರಡು ಬ್ರ್ಯಾಂಡಿನ ದ್ರವ ಬೆರೆಸುವುದು, ಪುಡಿ ಕರಗಿಸಿ ತುಂಬುವುದು, ಬ್ಲೀಚ್ ಹಾಕುವುದು ಇದಕ್ಕೆ ಸಲ್ಲ. ಬ್ರ್ಯಾಂಡ್ ಬದಲಿಸುವ ಮೊದಲು ತೊಟ್ಟಿಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು.

ವಾಲ್ವಿನ ದೋಷ ಮತ್ತು ದುರಸ್ತಿ

ಒತ್ತಡ, ಜಾಲರಿ, ರಂಧ್ರ, ಪುಡಿ ಇಷ್ಟನ್ನೂ ನೋಡಿದ ಮೇಲೆ ಉಳಿಯುವ ಅನುಮಾನ ವಾಲ್ವಿನದು. ನೀರು ತುಂಬುವ ಹಂತದಲ್ಲಿ ಕಿವಿಗೊಟ್ಟರೆ ಸುರುಳಿಯ ಸಣ್ಣ ಗುಂಯ್ ಸದ್ದು ಕೇಳುತ್ತದೆ. ಸದ್ದಿದ್ದೂ ನೀರು ಬರದಿದ್ದರೆ ಅಡೆತಡೆ ನೀರಿನ ದಾರಿಯಲ್ಲಿ ಅಥವಾ ಪೊರೆಯಲ್ಲಿದೆ. ಸದ್ದೇ ಇಲ್ಲದಿದ್ದರೆ ಸುರುಳಿ, ತಂತಿ ಅಥವಾ ನಿಯಂತ್ರಣ ಫಲಕ ಕೆಟ್ಟಿರಬಹುದು. 220ರಿಂದ 240 ವೋಲ್ಟಿನ ಸುರುಳಿ ಸರಿಯಿದ್ದರೆ ಅದರ ರೋಧ ಸಾಮಾನ್ಯವಾಗಿ 3ರಿಂದ 5 ಕಿಲೋ ಓಮ್ ತೋರಿಸುತ್ತದೆ. ಈ ಅಳತೆಯನ್ನು ಪ್ಲಗ್ ಕಿತ್ತ ಮೇಲಷ್ಟೇ, ಮಲ್ಟಿಮೀಟರ್ ಬಳಸಿ ಗೊತ್ತಿರುವವರೇ ಮಾಡಬೇಕು. ಯಂತ್ರ ನಿಂತಿದ್ದಾಗಲೂ ಡ್ರಾಯರಿನಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ವಾಲ್ವ್ ಮುಚ್ಚುತ್ತಿಲ್ಲ. ಕೂಡಲೇ ನಲ್ಲಿ ನಿಲ್ಲಿಸಿ ವಾಲ್ವ್ ಬದಲಿಸಬೇಕು. ತಡ ಮಾಡಿದರೆ ತೊಟ್ಟಿ ತಾನಾಗಿ ತುಂಬಿ ಮನೆಯೊಳಗೆ ನೀರು ಹರಿಯಬಹುದು.

ಸರ್ವಿಸ್‌ನವರನ್ನು ಕರೆಸುವಾಗ ನಾಲ್ಕು ವಿವರಗಳನ್ನು ಸಿದ್ಧವಾಗಿಟ್ಟುಕೊಂಡರೆ ರೋಗ ಬೇಗ ಸಿಗುತ್ತದೆ: ನಲ್ಲಿಯಿಂದ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ, ನೀರು ಎಲ್ಲಿಯದು, ಬಳಸುವ ಡಿಟರ್ಜೆಂಟ್ ಯಾವುದು ಮತ್ತು ಎಷ್ಟು, ಒಗೆತದ ಯಾವ ಹಂತದಲ್ಲಿ ತೊಂದರೆ ಕಾಣುತ್ತದೆ. ಇವುಗಳಲ್ಲಿ ಮೊದಲ ಮೂರಕ್ಕೆ ಉತ್ತರ ಯಂತ್ರದೊಳಗಿಲ್ಲ, ಮನೆಯಲ್ಲಿದೆ. ಅವನ್ನು ಸರಿಪಡಿಸದೆ ಹೊಸ ಡ್ರಾಯರ್, ಹೊಸ ವಾಲ್ವ್ ಹಾಕಿಸಿದರೂ ಹಳೆಯ ತೊಂದರೆ ಮರಳಿ ಬರುತ್ತದೆ.